ಕುಲುಮೆಗೆ ಗೆರಟೆ ಇದ್ದಿಲು: ಕಲ್ಲಿದ್ದಲಿನ ಜಾಗಕ್ಕೆ ಸಾಕೇ?

ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆ ಮೂಟೆಯಲ್ಲಿ ಸಿಗುವ ಗೆರಟೆ (ತೆಂಗಿನ ಚಿಪ್ಪು) ಇದ್ದಿಲು ಮೆಟ್ಟುಕತ್ತಿ, ಉಳಿ ಕಾಯಿಸುವ ಸಣ್ಣ ಕುಲುಮೆಗೆ ಕಲ್ಲಿದ್ದಲಿಗಿಂತ ಒಳ್ಳೆಯದು. ಪಿಕಾಸಿಯಂಥ ದಪ್ಪ ಕಬ್ಬಿಣಕ್ಕೆ ಮಾತ್ರ ಕಲ್ಲಿದ್ದಲೇ ಬೇಕು.

ಒಳ್ಳೆಯದು ಎನ್ನಲು ಮುಖ್ಯ ಕಾರಣ ಗಂಧಕ. ಕಲ್ಲಿದ್ದಲಿನ ಗಂಧಕದಲ್ಲಿ ಒಂದು ಪಾಲು ಪೈರೈಟ್ ಎಂಬ, ಕಬ್ಬಿಣ ಗಂಧಕ ಸೇರಿದ ಖನಿಜ. ತೊಳೆದರೆ ಒಂದಷ್ಟು ಹೋಗುತ್ತದೆ. ಇನ್ನೊಂದು ಪಾಲು ಇಂಗಾಲದ ಜೊತೆಗೇ ಬಂಧವಾಗಿ ಕೂತಿರುತ್ತದೆ, ನೀರಿಗೆ ಬಗ್ಗುವುದಿಲ್ಲ. ಗಂಧಕ ಉಕ್ಕಿಗೆ ಸೇರಿದರೆ ಕೆಂಪಗೆ ಕಾದಾಗ ಸುತ್ತಿಗೆ ಏಟಿಗೆ ಬಿರುಕು ಬೀಳುತ್ತದೆ. ಗೆರಟೆಯಲ್ಲಿ ಗಂಧಕ ತೀರಾ ಕಡಿಮೆ.

ದಪ್ಪ ಕಬ್ಬಿಣಕ್ಕೆ ಗೆರಟೆ ಇದ್ದಿಲು ಸಾಲದಿರುವುದಕ್ಕೂ ಇಂಗಾಲದ ಬಂಧವೇ ಕಾರಣ. ಕಾಯಿಸಿದಾಗ ಅಂಟಿ ಕೋಕ್ ಎಂಬ ಗಟ್ಟಿ ಇಂಧನವಾಗುವ ಜಾತಿಯ ಕಲ್ಲಿದ್ದಲಿನಲ್ಲಿ ಇಂಗಾಲದ ಉಂಗುರಗಳ ಗುಂಪುಗಳನ್ನು ದುರ್ಬಲ ಕೊಂಡಿಗಳು ಹಿಡಿದಿರುತ್ತವೆ. 350ರಿಂದ 500 ಡಿಗ್ರಿ ಸೆಲ್ಸಿಯಸ್ ನಡುವೆ ಅವು ಕಡಿದು ಡಾಂಬರು ಹೊಗೆ ಹೊರಬೀಳುತ್ತದೆ, ಕಲ್ಲಿದ್ದಲು ಮೆತ್ತಗಾಗಿ ಅಂಟಿಕೊಂಡು ಬೆಂಕಿಯ ಮೇಲೆ ಗೂಡು ಕಟ್ಟುತ್ತದೆ. ಅದರ ಗೂಡೊಳಗೆ ಶಾಖ ನಿಲ್ಲುತ್ತದೆ. ಗೆರಟೆ ಇದ್ದಿಲಿನ ಪದರಗಳಿಗೆ ಅಡ್ಡಬಂಧಗಳ ಬಲವಾದ ಹೆಣಿಗೆ. ಎಷ್ಟು ಕಾಯಿಸಿದರೂ ಅವು ಮೆತ್ತಗಾಗವು, ಗೂಡು ಕಟ್ಟವು. ಡಿಎನ್‌ಎ ಚಿತ್ರದಿಂದ ಹೆಸರಾದ ವಿಜ್ಞಾನಿ ರೋಸಲಿಂಡ್ ಫ್ರಾಂಕ್ಲಿನ್ 1951ರಲ್ಲಿ ಇಂಗಾಲಗಳನ್ನು ಗ್ರಾಫೈಟ್ ಆಗಬಲ್ಲವು, ಆಗಲಾರದವು ಎಂದು ವಿಂಗಡಿಸಿದ್ದು ಇದೇ ಹೆಣಿಗೆಯ ಆಧಾರದಲ್ಲಿ. ಹೆಣಿಗೆಯ ನಡುವೆ ಉಳಿಯುವ ಸಣ್ಣ ರಂಧ್ರಗಳಿಂದಲೇ ಗೆರಟೆ ಇದ್ದಿಲು ನೀರು ಸೋಸುವ ಫಿಲ್ಟರ್‌ಗೂ ಹೋಗುತ್ತದೆ.

ಕೊಳ್ಳುವಾಗ ಒಂದು ತುಂಡು ಮುರಿದು ನೋಡಿ. ಮುರಿದ ಜಾಗ ಕಪ್ಪಗೆ ಹೊಳೆಯಬೇಕು, ಕೆಳಗೆ ಬಿದ್ದರೆ ಕಣ್ ಎನ್ನಬೇಕು. ಒಳಗೆ ಕಂದು ಬಣ್ಣವಿದ್ದರೆ ಅರೆಬೆಂದದ್ದು. ಅದು ಹೊಗೆಯನ್ನೇ ಕೊಡುತ್ತದೆ. ಮಳೆಗಾಲದಲ್ಲಿ ರಂಧ್ರಗಳು ತೇವ ಹೀರುವುದರಿಂದ ತೂಕದಲ್ಲಿ ನೀರಿಗೂ ದುಡ್ಡು ಕೊಟ್ಟಂತೆ. ಒದ್ದೆ ಇದ್ದಿಲು ಬೆಂಕಿಗೆ ಬಿದ್ದರೆ ಚಟಪಟ ಸಿಡಿಯುತ್ತದೆ, ಕಣ್ಣಿಗೆ ಅಪಾಯ.

ಪುಡಿಯನ್ನು ಜರಡಿ ಹಿಡಿದು ತೆಗೆಯಿರಿ, ಇಲ್ಲವಾದರೆ ಗಾಳಿ ಕೊಳವೆ ಮುಚ್ಚುತ್ತದೆ. ತುಂಡುಗಳು ಅಡಿಕೆಯಷ್ಟಿದ್ದರೆ ಸರಿ. ಕಬ್ಬಿಣದ ಕೆಳಗೆ ಹತ್ತರಿಂದ ಹನ್ನೆರಡು ಸೆಂಟಿಮೀಟರ್ ಕೆಂಡವಿರಲಿ, ಮೇಲೆ ಐದು. ಕೆಂಡ ತೆಳುವಾದರೆ ಉರಿಯದೆ ಉಳಿದ ಆಮ್ಲಜನಕ ಕಬ್ಬಿಣಕ್ಕೇ ತಾಗಿ ಮೇಲೆ ಹೊಟ್ಟು (ಉದುರುವ ಕಪ್ಪು ಪದರ) ಏಳುತ್ತದೆ. ತಿದಿಯನ್ನು ಮೆಲ್ಲಗೆ ಒತ್ತಿ. ಉಕ್ಕಿನಿಂದ ಬಿಳಿ ಕಿಡಿ ಹಾರಿದರೆ ಅಂಚು ಸುಟ್ಟಿತೆಂದೇ ಲೆಕ್ಕ, ಆ ಭಾಗ ಕತ್ತರಿಸಿ ತೆಗೆಯಬೇಕು. ಹೊಗೆ ಇಲ್ಲವೆಂದು ಮುಚ್ಚಿದ ಕೋಣೆಯಲ್ಲಿ ಇದನ್ನು ಉರಿಸಲೇಬಾರದು. ವಾಸನೆಯಿಲ್ಲದ ಕಾರ್ಬನ್ ಮೋನಾಕ್ಸೈಡ್ ಕೆಂಡದಿಂದ ಬರುತ್ತಲೇ ಇರುತ್ತದೆ.