ಎರಡನೇ ಶನಿವಾರದ ಸಮುದ್ರ: ಗೋಕರ್ಣ, ಮಲ್ಪೆ, ಹೊನ್ನಾವರ, ಮತ್ತು ಸೋಮವಾರದ ಡಯಟ್ ಶೀಟು

ತುಮಕೂರಿನಲ್ಲಿ ನಾನು ದಿನಾ ನಡೆಯುವ ರಸ್ತೆಯ ಹೆಸರು ಬಿ.ಎಚ್. ರಸ್ತೆ. ಬಿ ಅಂದರೆ ಬೆಂಗಳೂರು, ಎಚ್ ಅಂದರೆ ಹೊನ್ನಾವರ. ಇದು ನನಗೆ ಗೊತ್ತಾದದ್ದು ಇಂಟರ್ನ್‌ಶಿಪ್ ಶುರುವಾಗಿ ತಿಂಗಳಾದ ಮೇಲೆ, ಅದೂ ಆಟೋದವರೊಬ್ಬರ ಬಾಯಿಂದ. "ಹಿಂಗೇ ನೆಟ್ಟಗೆ ಹೋಗ್ತಾ ಇರಮ್ಮ, ಗುಬ್ಬಿ, ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ... ಆಮೇಲೆ ಸಮುದ್ರ. ಅಲ್ಲಿಂದ ಮುಂದಕ್ಕೆ ಆಟೋ ಹೋಗಲ್ಲ" ಅಂದರು. ಅವತ್ತಿನಿಂದ ಹುಳ ಹೊಕ್ಕಿತು.

ನನ್ನ ಲೆಕ್ಕ ಹೀಗಿದೆ. ಎಂ.ಎಸ್ಸಿ. ಮುಗಿದಿದೆ. ಭಾರತೀಯ ಡಯಟೆಟಿಕ್ ಅಸೋಸಿಯೇಷನ್ನಿನ ಆರ್.ಡಿ. (ರಿಜಿಸ್ಟರ್ಡ್ ಡಯಟೀಶಿಯನ್, ಅಂದರೆ ನೋಂದಾಯಿತ ಆಹಾರ ತಜ್ಞೆ) ಪರೀಕ್ಷೆ ಬರೆಯಬೇಕಾದರೆ ಆಸ್ಪತ್ರೆಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಆಗಬೇಕು. ಸೆಪ್ಟೆಂಬರಿನಿಂದ ಫೆಬ್ರುವರಿ. ಸೋಮವಾರದಿಂದ ಶನಿವಾರ, ಬೆಳಗ್ಗೆ ಎಂಟೂವರೆಗೆ ಹಾಜರಿ, ಎರಡನೇ ಶನಿವಾರ ರಜೆ. ಅಂದರೆ ಎರಡು ದಿನ ಒಟ್ಟಿಗೆ ಸಿಗುವುದು ಆರೇ ಸಲ. ಸೆಪ್ಟೆಂಬರಿನದು ಊರಿಗೆ ಹೋಯಿತು, ಹೇಗೂ ಆಗ ಕಡಲು ಒರಟು. ಮುಂದಿನ ನಾಲ್ಕರಲ್ಲಿ ನಾಲ್ಕು ದಾರಿ ನೋಡಿದ್ದೇನೆ. ಕಡಲು ಎಷ್ಟು ಚೆಂದ ಅನ್ನುವುದಕ್ಕಿಂತ ಸೋಮವಾರ ಎಂಟೂವರೆಗೆ ನಾನು ಯಾವ ಸ್ಥಿತಿಯಲ್ಲಿದ್ದೆ ಅನ್ನುವುದೇ ಇಲ್ಲಿ ಅಳತೆಗೋಲು.

ಸೋಮವಾರವೇ ಯಾಕೆ ಅಂದರೆ, ಭಾನುವಾರ ಸೇರಿಕೊಂಡ ರೋಗಿಗಳೆಲ್ಲ ಅವತ್ತು ನಮ್ಮ ಪಾಲಿಗೆ ಹೊಸಬರು. ಒಂದೊಂದು ಹಾಸಿಗೆಗೂ ಡಯಟ್ ಶೀಟು ಬರೆಯಬೇಕು. ಸಕ್ಕರೆ ಕಾಯಿಲೆಯವರದು ಒಂದು, ಉಪ್ಪು ಕಡಿಮೆಯವರದು ಒಂದು, ಮೂಗಿನ ನಳಿಕೆಯಲ್ಲಿ ಆಹಾರ ಹೋಗುವವರಿಗೆ ಎರಡು ಗಂಟೆಗೊಮ್ಮೆ ಎಷ್ಟು ಎಂ.ಎಲ್. ಅಂತ ಇನ್ನೊಂದು. ಹತ್ತೂವರೆಗೆ ಅಡುಗೆಮನೆಯಿಂದ ಟ್ರಾಲಿ ಹೊರಡುತ್ತದೆ. ಅಷ್ಟರೊಳಗೆ ನಾವು ಬರೆದದ್ದು ಸರಿ ಇರಬೇಕು.

ಪುದುಚೇರಿಯನ್ನು ಮೊದಲೇ ಮುಗಿಸಿಬಿಡುತ್ತೇನೆ. ಅಕ್ಟೋಬರಿನಲ್ಲಿ ರೂಮ್‌ಮೇಟ್ ಹಟಕ್ಕೆ ಹೋದದ್ದು. ಊರು ಚೆಂದವೇ. ಸಂಜೆ ವಾಹನ ಬಿಡದ ಕಡಲ ದಂಡೆಯ ರಸ್ತೆಯಲ್ಲಿ ನಡೆಯುವ ಸುಖವೂ ಇದೆ. ಆದರೆ ತುಮಕೂರಿನಿಂದ ಹೊರಟವರು ಶುಕ್ರವಾರ ಸಂಜೆ ಬೆಂಗಳೂರನ್ನು ದಾಟಬೇಕು. ನಾವು ಯಶವಂತಪುರದಿಂದ ಶಾಂತಿನಗರ ಮುಟ್ಟುವಷ್ಟರಲ್ಲಿ ತಂದಿದ್ದ ಬುತ್ತಿ ಖಾಲಿಯಾಗಿತ್ತು. ವಾಪಸು ಬರುವಾಗಲೂ ಅದೇ ಗೋಳು. ಬೆಂಗಳೂರಿನವರಿಗೆ ಸರಿ, ನಮಗಲ್ಲ.

ನವೆಂಬರಿನಲ್ಲಿ ಗೋಕರ್ಣ. ಶುಕ್ರವಾರ ರಾತ್ರಿ ಸ್ಲೀಪರ್ ಬಸ್ಸು, ಬೈಪಾಸಿನಲ್ಲಿ ಹತ್ತಿದರೆ ಬೆಳಗ್ಗೆ ಗೋಕರ್ಣ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಯೋಜನೆ ಇಲ್ಲ. ಎರಡೂ ಹಗಲು ಪೂರ್ತಿ ನಿಮ್ಮವು. ಮಹಾಬಲೇಶ್ವರನಿಗೆ ಕೈಮುಗಿದು, ಕುಡ್ಲೆಯಲ್ಲಿ ಕಾಲು ನೆನೆಸಿ, ಗುಡ್ಡದ ಕಾಲುದಾರಿ ಹಿಡಿದು ಓಂ ಬೀಚಿಗೆ ಇಳಿದೆವು. ಮೇಲಿನಿಂದ ನೋಡಿದಾಗ ಬಂಡೆಗಳ ನಡುವೆ ಆ ಓಂಕಾರದ ಆಕಾರ ನಿಜವಾಗಿಯೂ ಕಾಣುತ್ತದೆ, ಬರೀ ಮಾತಲ್ಲ. ಸೆಕೆ ಜಾಸ್ತಿ ಇತ್ತು. ಎರಡು ದಿನದಲ್ಲಿ ಒಬ್ಬೊಬ್ಬರೂ ಐದಾರು ಎಳನೀರು ಕುಡಿದಿದ್ದೇವೆ. ತೆಂಗಿನ ನಾಡಿನಿಂದ ಹೋಗಿ ಅಲ್ಲಿ ದುಡ್ಡು ಕೊಟ್ಟು ಎಳನೀರು ಕುಡಿಯುವುದು ತಮಾಷೆ ಅಂತ ನಕ್ಕೆವು ಬೇರೆ.

ತೊಂದರೆ ಇರುವುದು ವಾಪಸಿನಲ್ಲಿ. ಭಾನುವಾರ ಸಂಜೆ ಹತ್ತಿದ ಬಸ್ಸು ಯಲ್ಲಾಪುರ, ಹುಬ್ಬಳ್ಳಿ ದಾರಿ ಹಿಡಿಯಿತು. ಘಟ್ಟದ ತಿರುವಿನಲ್ಲಿ ಮೇಲಿನ ಬರ್ತಿನವಳು ನಿದ್ದೆ ಮಾಡುವುದೆಲ್ಲಿ, ಗೋಡೆಗೆ ಒಮ್ಮೆ ಗಾಜಿಗೆ ಒಮ್ಮೆ ಹೊರಳುವುದೇ ಆಯಿತು. ಹುಬ್ಬಳ್ಳಿ ದಾಟಿದ ಮೇಲೆ ರಸ್ತೆ ನೆಟ್ಟಗಾಯಿತು, ಆದರೆ ಆಗ ಇನ್ನೊಂದು ಭಯ: ಬಸ್ಸು ಬೆಂಗಳೂರಿಗೆ ಹೋಗುವಂಥದ್ದು, ತುಮಕೂರು ಬಂದಾಗ ನಾನೇ ಎದ್ದಿರಬೇಕು. ಶಿರಾದಿಂದಲೇ ಕಣ್ಣು ಬಿಟ್ಟುಕೊಂಡು ಕೂತೆ. ನಾಲ್ಕೂವರೆಗೆ ಹೆದ್ದಾರಿಯಲ್ಲಿ ಇಳಿಸಿ ಹೋದರು. ಪಿ.ಜಿ. ಮುಟ್ಟಿ, ಸ್ನಾನ ಮಾಡಿ, "ಒಂದರ್ಧ ಗಂಟೆ" ಅಂತ ಮಲಗಿದವಳು ಎದ್ದದ್ದು ಎಂಟು ಇಪ್ಪತ್ತಕ್ಕೆ.

ಅವತ್ತು ಡಯಾಲಿಸಿಸ್ ರೋಗಿಯೊಬ್ಬರ ಶೀಟಿನಲ್ಲಿ, ಹತ್ತೂವರೆಯ ಎದುರಿಗೆ, ನಾನು ಎಳನೀರು ಅಂತ ಬರೆದೆ.

ಗೊತ್ತಿಲ್ಲದೆ ಬರೆದದ್ದಲ್ಲ. ಹಿಂದಿನ ಹಾಸಿಗೆಯವರದು ವಾಂತಿ, ಸುಸ್ತು, ಅವರಿಗೆ ಎಳನೀರು ಸರಿ ಇತ್ತು. ಕೈ ಅದನ್ನೇ ಮುಂದಿನ ಶೀಟಿಗೂ ಎಳೆದುಕೊಂಡು ಹೋಯಿತು. ಎಳನೀರಿನ ನೂರು ಎಂ.ಎಲ್.ನಲ್ಲಿ ಸುಮಾರು 200ರಿಂದ 250 ಮಿ.ಗ್ರಾಂ ಪೊಟ್ಯಾಸಿಯಂ ಇರುತ್ತದೆ. ಆ ರೋಗಿಗೆ ಇಡೀ ದಿನಕ್ಕೆ ಹಾಕಿದ್ದ ಮಿತಿ 2,000 ಮಿ.ಗ್ರಾಂ. ಒಂದು ದೊಡ್ಡ ಎಳನೀರಿಗೇ ಅದರ ಮೂರನೇ ಒಂದು ಪಾಲು ಹೋದಂತೆ. ಅವರ ಕಿಡ್ನಿ ಅದನ್ನು ಸರಿಯಾಗಿ ಹೊರಹಾಕುವುದಿಲ್ಲ, ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಅದಕ್ಕೇ ಅವರ ಪಲ್ಯದ ತರಕಾರಿಯನ್ನೂ ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಿಯೇ ಒಗ್ಗರಣೆ ಹಾಕುವುದು. ಅಷ್ಟೆಲ್ಲ ಮಾಡಿ ಮೇಲೊಂದು ಎಳನೀರು ಇಟ್ಟರೆ!

ಹಿಡಿದದ್ದು ಅಡುಗೆಮನೆಯ ಅಕ್ಕ. ಓದಿದ್ದು ಏಳನೇ ಕ್ಲಾಸು, ಟ್ರೇ ಜೋಡಿಸಿ ಹನ್ನೆರಡು ವರ್ಷ. "ಏನ್ ಮೇಡಮ್ಮೋರೇ, ಡಯಾಲಿಸಿಸ್ಸಿಗೆ ಎಳ್ನೀರು ಬರ್ದಿದ್ದೀರಾ, ನಿದ್ದೆಗಣ್ಣಾ?" ಅಂದರು. ಸೀನಿಯರ್ ಮೇಡಂ ಶೀಟು ನೋಡಿ, ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿ, ನನ್ನ ಕಡೆ ಒಂದು ಸಲ ನೋಡಿದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಮಧ್ಯಾಹ್ನ ಅದೇ ರೋಗಿ, ತಿಪಟೂರು ಕಡೆಯ ತೋಟದವರು, "ನಂ ತೋಟದಾಗೆ ಮುನ್ನೂರು ಮರ ಐತೆ ಕಣವ್ವ, ವರ್ಷದಿಂದ ಒಂದು ಗುಟುಕು ಕುಡಿದಿಲ್ಲ. ನೀನೊಬ್ಳು ಬರ್ಕೊಟ್ಟಿದ್ದೆ, ಅದನ್ನೂ ಹೊಡೆದಾಕಿದ್ರಲ್ಲ" ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಗೋಕರ್ಣಕ್ಕೆ ನನ್ನ ಖರ್ಚು 3,400 ರೂಪಾಯಿ, ಹೆಚ್ಚಿನ ಪಾಲು ಸ್ಲೀಪರ್ ಟಿಕೆಟ್ಟಿಗೇ. ಸ್ಟೈಪೆಂಡ್ ಇಲ್ಲದವಳಿಗೆ ಅದೂ ಭಾರವೇ.

ಡಿಸೆಂಬರಿನಲ್ಲಿ ಆ ಭಯಕ್ಕೇ ಮಲ್ಪೆಗೆ ಹೋದದ್ದು. ಈ ಸಲ ರಾತ್ರಿ ಪ್ರಯಾಣವೇ ಬೇಡ, ಭಾನುವಾರ ರಾತ್ರಿ ನನ್ನ ಹಾಸಿಗೆಯಲ್ಲೇ ಮಲಗಬೇಕು ಅಂತ ಪಣ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಸ್ಲೀಪರ್‌ಗಳಿಗೆ ಅದು ನಡೆಯುವುದಿಲ್ಲ. ಹಾಗಾಗಿ ಆಧಾರ್ ಕಾರ್ಡ್ ಕೈಯಲ್ಲಿ ಹಿಡಿದು ಶನಿವಾರ ಬೆಳಗ್ಗೆ ಐದೂವರೆಗೆ ಕುಣಿಗಲ್ ಬಸ್ಸು ಹತ್ತಿದೆ. ಕುಣಿಗಲ್ಲಿನಿಂದ ಹಾಸನ, ಹಾಸನದಿಂದ ಶಿರಾಡಿ ಘಾಟಿ ಇಳಿದು ಮಂಗಳೂರು. ಅಲ್ಲಿಗೆ ಉಚಿತ ಮುಗಿಯಿತು. ಮಂಗಳೂರು–ಉಡುಪಿ ನಡುವೆ ಖಾಸಗಿ ಬಸ್ಸುಗಳದ್ದೇ ದರ್ಬಾರು, ಅಲ್ಲಿ ಆಧಾರ್ ತೋರಿಸಿದರೆ ಕಂಡಕ್ಟರ್ ನಗುತ್ತಾರೆ. ಮಲ್ಪೆ ಮುಟ್ಟಿದಾಗ ಸಂಜೆ ನಾಲ್ಕೂಮುಕ್ಕಾಲು.

ಉಳಿದದ್ದು ಒಂದು ಸೂರ್ಯಾಸ್ತ, ಒಂದು ಬೆಳಗು. ಬೆಳಗ್ಗೆ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿಬಂದೆ. ಲಾವಾ ಆರಿ ನಿಂತ ಆರು ಮೂಲೆಯ ಕಲ್ಲುಕಂಬಗಳು, ಯಾರೋ ಪೆನ್ಸಿಲ್ ಕಟ್ಟು ನಿಲ್ಲಿಸಿದ ಹಾಗೆ. ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದವು, ಎಂಟು ಕೋಟಿ ವರ್ಷಕ್ಕೂ ಹಳೆಯವು. ಹನ್ನೊಂದಕ್ಕೆ ಗಡ್‌ಬಡ್ ಐಸ್‌ಕ್ರೀಮು, ಹನ್ನೆರಡಕ್ಕೆ ಬಸ್ಸು. ವಾಪಸು ಬರುವಾಗ ಧರ್ಮಸ್ಥಳದ ಜನವೂ ಸೇರಿ ಸಕಲೇಶಪುರದ ತನಕ ನಿಂತೇ ಬಂದೆ. ರಾತ್ರಿ ಹನ್ನೊಂದಕ್ಕೆ ನನ್ನ ಹಾಸಿಗೆ.

ಸೋಮವಾರ ಮಾತ್ರ ಅದ್ಭುತ. ಒಂದು ತಪ್ಪಿಲ್ಲ. ಬೆಳಗ್ಗೆ ನಾವು ಇಂಟರ್ನ್‌ಗಳು ಒಬ್ಬರನ್ನೊಬ್ಬರು ಕೂರಿಸಿಕೊಂಡು ಇಪ್ಪತ್ನಾಲ್ಕು ಗಂಟೆಯಲ್ಲಿ ತಿಂದದ್ದನ್ನು ಕೇಳಿ ಬರೆಯುವ ಅಭ್ಯಾಸ ಮಾಡುತ್ತೇವೆ. ನನ್ನದು ಬಂತು: ನೀರ್‌ದೋಸೆ ನಾಲ್ಕು, ಬಂಗುಡೆ ಫ್ರೈ ಎರಡು, ಗಡ್‌ಬಡ್ ಒಂದು, ಬಸ್ ಸ್ಟ್ಯಾಂಡಿನ ಚುರುಮುರಿ, ರಾತ್ರಿ ಊಟ ಇಲ್ಲ. ದಿನಕ್ಕೆ ಉಪ್ಪು ಐದು ಗ್ರಾಂ ಮೀರಬಾರದು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿ ಗೋಡೆಗೆ ಅಂಟಿಸಿದ್ದೇವೆ, ಅದರ ಕೆಳಗೇ ಕೂತು ಹೇಳಿದೆ. ಖರ್ಚು 1,150 ರೂಪಾಯಿ. ಆದರೆ ಎರಡು ದಿನದಲ್ಲಿ ಇಪ್ಪತ್ತೊಂದು ಗಂಟೆಗೂ ಹೆಚ್ಚು ಬಸ್ಸಿನಲ್ಲಿ, ಕಡಲ ಎದುರು ಎಂಟು ಗಂಟೆ ಇದ್ದಿರಬಹುದು. ಘಾಟಿಯಲ್ಲಿ ಓದೋಣ ಅಂತ ಒಯ್ದ ಪುಸ್ತಕ ತೆಗೆದರೆ ತಲೆ ತಿರುಗಿತು. ಅಗ್ಗದ ದಾರಿ, ಸೋಮವಾರಕ್ಕೆ ಕ್ಷೇಮದ ದಾರಿ, ಆದರೆ ಹೋಗಿದ್ದೆ ಅನ್ನಿಸಲೇ ಇಲ್ಲ.

ರೈಲು? ಬೆಂಗಳೂರಿನವರೆಲ್ಲ ಹೊಗಳುವ ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ಕುಣಿಗಲ್, ಹಾಸನದ ಮೇಲೆ ಹೋಗುತ್ತದೆ, ತುಮಕೂರು ಸ್ಟೇಷನ್ನಿಗೆ ಬರುವುದೇ ಇಲ್ಲ. ನಮ್ಮ ಸ್ಟೇಷನ್ನಿಗೆ ಬರುವುದು ಮೈಸೂರು–ತಾಳಗುಪ್ಪ ರಾತ್ರಿ ರೈಲು. ಜೋಗಕ್ಕೆ ಹೋಗುವವರ ರೈಲು ಅಂತ ಅದನ್ನು ಬಿಟ್ಟಿದ್ದೆ. ಜನವರಿಯಲ್ಲಿ ನಕ್ಷೆ ಹರಡಿ ನೋಡಿದರೆ, ತಾಳಗುಪ್ಪದಿಂದ ಮಾವಿನಗುಂಡಿ, ಗೇರುಸೊಪ್ಪ ಘಟ್ಟ ಇಳಿದರೆ ಹೊನ್ನಾವರ. ಅದೇ ಬಿ.ಎಚ್. ರಸ್ತೆಯ ಎಚ್!

ಶುಕ್ರವಾರ ನಡುರಾತ್ರಿ ತುಮಕೂರಿನಲ್ಲಿ ಹತ್ತಿದೆ. ಡ್ಯೂಟಿ ಮುಗಿಸಿ, ಊಟ ಮಾಡಿ, ಲಾಗ್ ಬುಕ್ಕಿಗೆ ಸಹಿ ಹಾಕಿಸಿಕೊಂಡು ಆರಾಮವಾಗಿ ಹೋಗಬಹುದು. ಹಳಿ ತಾಳಗುಪ್ಪಕ್ಕೇ ಮುಗಿಯುವುದರಿಂದ ಸ್ಟೇಷನ್ ತಪ್ಪೀತು ಅನ್ನುವ ಭಯವಿಲ್ಲ. ರೈಲಿನ ನಿದ್ದೆ ನಿದ್ದೆಯೇ, ಬೆನ್ನು ನೆಟ್ಟಗಿರುತ್ತದೆ. ಬೆಳಗ್ಗೆ ಇಳಿದು, ಸಾಗರದಿಂದ ಬರುವ ಸರ್ಕಾರಿ ಬಸ್ಸಿಗೆ ಕಾದೆ, ಮತ್ತೆ ಆಧಾರ್, ಮತ್ತೆ ಉಚಿತ. ಹತ್ತೂವರೆಗೆ ಹೊನ್ನಾವರ.

ಶರಾವತಿ ಸೇತುವೆ ದಾಟಿದರೆ ಕಾಸರಕೋಡು ಬೀಚು. 2020ರಲ್ಲಿ ಪಡುಬಿದ್ರಿಯ ಜೊತೆಗೇ ಬ್ಲೂ ಫ್ಲ್ಯಾಗ್ (ಶುಚಿಯಾದ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕ ಬೀಚು ಇದು. ಈಜುವ ಜಾಗಕ್ಕೆ ಗುರುತು, ಕಾವಲಿಗೆ ಜನ, ಬಟ್ಟೆ ಬದಲಿಸಲು ಕೋಣೆ. ಇದು ನನಗಿಂತ ನಮ್ಮಮ್ಮನಿಗೆ ಮುಖ್ಯ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಮುಳಬಾಗಿಲು ಕಡೆಯ ನಾಲ್ವರು ಶಾಲಾ ಹುಡುಗಿಯರು ನೀರುಪಾಲಾದ ಮೇಲೆ, ನಾನು ಸಮುದ್ರ ಅಂದರೆ ಸಾಕು, "ಮೊಣಕಾಲು ಮುಳುಗೋ ತನಕ ಹೋದ್ರೆ ನನ್ನಾಣೆ" ಅನ್ನುತ್ತಾಳೆ. ಮೊಣಕಾಲಿನ ತನಕವೇ ಹೋದೆ. ಸಂಜೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಹಾಕಿದ ಮರದ ಹಾದಿಯಲ್ಲಿ ನಡೆದೆ, ಕೆಸರಿನಿಂದ ಬೇರುಗಳು ಬೆರಳು ಎತ್ತಿದ ಹಾಗೆ ನಿಂತಿದ್ದವು. ಗೋಕರ್ಣದ ಸಡಗರ ಇಲ್ಲಿಲ್ಲ. ರಾತ್ರಿ ಒಂಬತ್ತಕ್ಕೆ ಊರು ಬಾಗಿಲು ಹಾಕುತ್ತದೆ. ಗುಂಪಿನಲ್ಲಿ ಬಂದವರಿಗೆ ಸಪ್ಪೆ ಅನ್ನಿಸಬಹುದು. ನಾನೊಬ್ಬಳೇ ಇದ್ದೆ, ಲಾಡ್ಜಿನಲ್ಲಿ ಕೂತು ಒಂದು ಕೇಸ್ ಸ್ಟಡಿ ಬರೆದು ಮುಗಿಸಿದೆ. ಕುಚ್ಚಲಕ್ಕಿ ಅನ್ನ, ಮೀನು ಸಾರು, ಮುರುಗಲಿನ ಪಾನಕ. ಮುದ್ದೆಯ ಹೊಟ್ಟೆಗೆ ಕುಚ್ಚಲಕ್ಕಿ ಬೇಗ ಒಗ್ಗುತ್ತದೆ ಅಂತ ಕಂಡುಕೊಂಡೆ.

ಇದರ ಕೊರತೆ ಎರಡು. ಭಾನುವಾರ ಮೂರು ಗಂಟೆಗೇ ಹೊರಡಬೇಕು, ಸೂರ್ಯಾಸ್ತ ಸಿಗುವುದು ಶನಿವಾರದ್ದೊಂದೇ. ಘಟ್ಟದ ಬಸ್ಸು ತಪ್ಪಿದರೆ ರೈಲೂ ತಪ್ಪಿತು, ಅದಕ್ಕೆ ಒಂದು ಬಸ್ಸು ಮುಂಚೆಯೇ ಹತ್ತುವುದು ಕ್ಷೇಮ. ಎರಡನೆಯದು, ವಾಪಸಿನಲ್ಲಿ ತುಮಕೂರು ಬರುವುದು ಬೆಳಗಿನ ಜಾವದ ಕತ್ತಲಲ್ಲಿ. ಮೂರು ಅಲಾರಾಂ ಇಟ್ಟು, ಎದುರಿನ ಬರ್ತಿನ ಅಜ್ಜಿಗೂ ಹೇಳಿ ಮಲಗಿದೆ. ಅಲಾರಾಂಗಿಂತ ಮೊದಲು ಅಜ್ಜಿಯೇ ಎಬ್ಬಿಸಿದರು. ಮತ್ತೆ ಪಿ.ಜಿ.ಯಲ್ಲಿ ಏಳರ ತನಕ ಮಲಗಿದೆ. ಖರ್ಚು 1,600.

ಅವತ್ತು ಸೋಮವಾರ ಶೀಟು ಕೊಟ್ಟಾಗ ಅಡುಗೆಮನೆಯ ಅಕ್ಕ ಮೊದಲು ಹುಡುಕಿದ್ದು ಡಯಾಲಿಸಿಸ್ ಹಾಸಿಗೆಗಳದನ್ನು. ಮೇಲಿಂದ ಕೆಳಗೆ ಬೆರಳಿಟ್ಟು ಓದಿ, "ಈ ಸಲ ಯಾವೂರಿಗೆ ಹೋಗಿದ್ರಿ?" ಅಂದರು. ಹೊನ್ನಾವರ ಅಂದೆ. "ಅಲ್ಲಿಗೇ ಹೋಗ್ಬಿಡಿ ಇನ್ಮೇಲೆ" ಅಂತ ಶೀಟನ್ನು ಮೊಳೆಗೆ ಚುಚ್ಚಿದರು.

ಫೆಬ್ರುವರಿಯ ಎರಡನೇ ಶನಿವಾರಕ್ಕೆ ತಾಳಗುಪ್ಪದ ಟಿಕೆಟ್ ಮಾಡಿಸಿದ್ದೇನೆ. ಹೋಗುವುದು ಕನ್ಫರ್ಮ್ ಆಗಿದೆ, ಬರುವುದು ವೇಟಿಂಗ್ ಲಿಸ್ಟ್ 14.