ಅಪ್ಪನ ಕ್ಯಾಸೆಟ್ ಕಚೇರಿಗಳು: ಸಿಡಿಗೆ ಹಾಕುವುದಾ, ಪೆನ್‌ಡ್ರೈವ್‌ಗಾ?

ಅಪ್ಪ ಬಿಟ್ಟುಹೋದ ಕ್ಯಾಸೆಟ್‌ಗಳು ಒಟ್ಟು 63. ಕೆಲವು ಆಕಾಶವಾಣಿಯಿಂದ ರೆಕಾರ್ಡ್ ಮಾಡಿದವು, ಉಳಿದವು ಬೆಂಗಳೂರಿನ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತ ಕಚೇರಿಗಳಲ್ಲಿ ಚಿಕ್ಕ ಟೇಪ್‌ರೆಕಾರ್ಡರ್ ತೊಡೆಯ ಮೇಲಿಟ್ಟುಕೊಂಡು ಹಿಡಿದವು. ಒಂದೊಂದನ್ನೇ ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಕಂಪ್ಯೂಟರ್‌ಗೆ ಇಳಿಸಿದೆ. ಎಲ್ಲ ವೇವ್ ಫೈಲುಗಳು, ಅಂದರೆ ಧ್ವನಿಯನ್ನು ಕುಗ್ಗಿಸದೆ ಇಟ್ಟವು; 44.1 ಕಿಲೋಹರ್ಟ್ಸ್, 16 ಬಿಟ್, ಆಡಿಯೊ ಸಿಡಿಯ ಮಟ್ಟವೇ. ಆದರೆ ಇದನ್ನು ಕೇಳಬೇಕಾದವರು ಅಮ್ಮ. ಅವರಿಗೆ ಮೊಬೈಲ್‌ನಲ್ಲಿ ಕೇಳುವುದು ಒಗ್ಗುವುದಿಲ್ಲ. ಹಾಲ್‌ನಲ್ಲಿರುವ ಹಳೇ ಡಿವಿಡಿ ಪ್ಲೇಯರ್, ಅದಕ್ಕೆ ಸೇರಿಸಿದ ಆಂಪ್ಲಿಫೈಯರ್, ಎರಡು ಸ್ಪೀಕರ್, ಅಷ್ಟೇ ಸಾಕು.

ಹಾಗಾಗಿ 63 ಕ್ಯಾಸೆಟ್ಟಿಗೂ ಕೈ ಹಾಕುವ ಮೊದಲು ಒಂದೇ ಕಚೇರಿಯನ್ನು ನಾಲ್ಕು ರೀತಿ ಹಾಕಿ ನೋಡಿದೆ. ಮಾಮೂಲಿ ಆಡಿಯೊ ಸಿಡಿ, ಎಂಪಿ3 ತುಂಬಿದ ಡೇಟಾ ಸಿಡಿ, ಅದೇ ಎಂಪಿ3ಗಳ ಡೇಟಾ ಡಿವಿಡಿ, ಕೊನೆಗೆ ಪೆನ್‌ಡ್ರೈವ್.

ಮೊದಲು ಧ್ವನಿಯ ವಿಷಯ ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ ಅಲ್ವಾ. ಎರಡು ನಿಮಿಷದ ಒಂದು ತುಣುಕನ್ನು 320, 192, 128 ಕೆಬಿಪಿಎಸ್ ಎಂಪಿ3 ಮಾಡಿದೆ (ಈ ಅಂಕಿ ಇಳಿದಷ್ಟೂ ಫೈಲ್ ಚಿಕ್ಕದು, ಧ್ವನಿ ಕಳೆದುಹೋಗುವುದು ಜಾಸ್ತಿ). ಆಮೇಲೆ ಆ ಮೂರನ್ನೂ ತಿರುಗಿ ವೇವ್ ಮಾಡಿ, ಮೂಲದ ಜೊತೆ ಒಂದೇ ಆಡಿಯೊ ಸಿಡಿಗೆ ನಾಲ್ಕು ಟ್ರ್ಯಾಕ್ ಆಗಿ ಬರೆದೆ. ತಂಗಿ ರಿಮೋಟ್ ಹಿಡಿದು ತನಗೆ ತೋಚಿದ ನಂಬರ್ ಒತ್ತುತ್ತಿದ್ದಳು, ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. 128 ಪ್ರತಿ ಸಲವೂ ಸಿಕ್ಕಿಬಿತ್ತು. ಹಳೇ ಕ್ಯಾಸೆಟ್ಟಿನಲ್ಲಿ ಸುಯ್ ಅನ್ನುವ ಸದ್ದು ಇದ್ದೇ ಇರುತ್ತದೆ, ಅಂಥ ಸದ್ದನ್ನು ಕಡಿಮೆ ಬಿಟ್‌ನಲ್ಲಿ ಹಿಡಿಯುವುದು ಎಂಪಿ3ಗೆ ಕಷ್ಟ. ಅದು ನೀರೊಳಗೆ ಗುಳುಗುಳು ಅಂದ ಹಾಗೆ ಕೇಳುತ್ತದೆ, ತಂಬೂರಿಯೂ ಅದರಲ್ಲಿ ಕಲಸಿಹೋಗುತ್ತದೆ, ಘಟದ ಪೆಟ್ಟು ಮೊಂಡಾಗುತ್ತದೆ. 192ಕ್ಕೂ ಮೂಲಕ್ಕೂ ನನ್ನ ಕಿವಿಗೆ ವ್ಯತ್ಯಾಸ ಸಿಗಲಿಲ್ಲ. ತಂಗಿಗೂ ಸಿಗಲಿಲ್ಲ. ಕ್ಯಾಸೆಟ್‌ನಿಂದ ಬಂದದ್ದಕ್ಕೆ 192 ಸಾಕು ಅಂತ ಅಲ್ಲಿಗೇ ತೀರ್ಮಾನ ಮಾಡಿದೆ.

ಜಾಗದ ಲೆಕ್ಕದಲ್ಲಿ ಆಡಿಯೊ ಸಿಡಿ ಸೋಲುತ್ತದೆ. ವೇವ್ ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆ, ಸಿಡಿಯಲ್ಲಿ ಹಿಡಿಯುವುದು 80 ನಿಮಿಷ. ಅಪ್ಪ ವಾಡಿಕೆಯಾಗಿ ತರುತ್ತಿದ್ದದ್ದು 90 ನಿಮಿಷದ ಕ್ಯಾಸೆಟ್. ಅಂದರೆ ಒಂದು ಕ್ಯಾಸೆಟ್ಟಿಗೆ ಎರಡು ಸಿಡಿ ಬೇಕು. ಅದೇ 700 ಎಂಬಿ ಸಿಡಿಗೆ 192ರ ಎಂಪಿ3 ತುಂಬಿದರೆ ಎಂಟು ಗಂಟೆ ಹಿಡಿಯುತ್ತದೆ, ಐದು ಕ್ಯಾಸೆಟ್. 4.7 ಜಿಬಿ ಡಿವಿಡಿಯಲ್ಲಿ ಮೂವತ್ತಾರರವರೆಗೆ ಹೋಗುತ್ತದೆ. 16 ಜಿಬಿ ಪೆನ್‌ಡ್ರೈವ್‌ನಲ್ಲಿ ಎಲ್ಲ 63 ಕೂತು ಇನ್ನೂ ಜಾಗ ಉಳಿಯಿತು.

ಇಷ್ಟು ನೋಡಿದರೆ ಪೆನ್‌ಡ್ರೈವ್ ಗೆದ್ದ ಹಾಗೆ. ನಾನೂ ಹಾಗೇ ಅಂದುಕೊಂಡು ಅದನ್ನೇ ಮೊದಲು ಅಮ್ಮನಿಗೆ ಹಾಕಿಕೊಟ್ಟೆ.

ಕಲ್ಯಾಣಿ ರಾಗದ ಕೃತಿ ಮುಗಿಯುತ್ತಾ ಬಂತು, ತನಿ ಆವರ್ತನ (ಮೃದಂಗ, ಘಟದವರು ಮಾತ್ರ ನುಡಿಸುವ ಭಾಗ) ಶುರುವಾಗಬೇಕು. ನಾನು ಅಲ್ಲಿ ಫೈಲ್ ಕತ್ತರಿಸಿದ್ದೆ, ತನಿ ಬೇಕಾದಾಗ ನೇರವಾಗಿ ಹೋಗಲಿ ಅಂತ. ಪ್ಲೇಯರ್ ಮುಂದಿನ ಫೈಲ್ ತೆರೆಯುವಷ್ಟರಲ್ಲಿ ಒಂದು ಸೆಕೆಂಡಿಗಿಂತ ಜಾಸ್ತಿ ಹೊತ್ತು ಪೂರ್ತಿ ನಿಶ್ಶಬ್ದ. ಅಮ್ಮ ಆದಿತಾಳ ಹಾಕುತ್ತಾ ಕೂತಿದ್ದರು. ಅವರ ಕೈ ತೊಡೆಯ ಮೇಲೆ ಹಾಗೇ ನಿಂತುಬಿಟ್ಟಿತು. ಮತ್ತೆ ಮೃದಂಗ ಬಂದಾಗ ಎಲ್ಲಿದ್ದೇವೆ ಅಂತ ಗೊತ್ತಾಗದೆ ಕೈ ಮಡಚಿ ಸುಮ್ನೆ ಕೂತರು. ನನಗೆ ತುಂಬಾ ಬೇಜಾರಾಯಿತು.

ಇದರಲ್ಲಿ ಒಂದಿಷ್ಟು ಎಂಪಿ3ಯ ಹುಟ್ಟುಗುಣ. ಅದು ಸದ್ದನ್ನು 1152 ಸ್ಯಾಂಪಲ್‌ಗಳ ಚೂರು ಮಾಡಿ ಕಟ್ಟುತ್ತದೆ, ಫೈಲಿನ ಹಿಂದೆ ಮುಂದೆ ಒಂದಿಷ್ಟು ಖಾಲಿ ಸೇರುತ್ತದೆ. ಎಷ್ಟು ಖಾಲಿ ಅಂತ ಎಂಪಿ3 ಮಾಡುವ ಲೇಮ್ ಎನ್‌ಕೋಡರ್ ಫೈಲಿನಲ್ಲಿ ಬರೆದಿಡುತ್ತದೆ, ಕಂಪ್ಯೂಟರ್‌ನ ಫೂಬಾರ್ ಪ್ಲೇಯರ್ ಅದನ್ನು ಓದಿ ಸರಿಯಾಗಿ ಜೋಡಿಸಿ ನುಡಿಸುತ್ತದೆ. ನಮ್ಮ ಹಾಲ್‌ನ ಪ್ಲೇಯರ್ ಓದುವುದಿಲ್ಲ. ಉಳಿದ ದೊಡ್ಡ ಪಾಲು ಫೈಲ್ ತೆರೆಯುವ ತಡದ್ದು. ಡೇಟಾ ಸಿಡಿಯಲ್ಲಿ ಈ ನಿಶ್ಶಬ್ದ ಇನ್ನೂ ಉದ್ದ.

ಆಡಿಯೊ ಸಿಡಿಯಲ್ಲಿ ಮೊದಲ ಸಲ ಅಲ್ಲೂ ಎರಡು ಸೆಕೆಂಡ್ ಖಾಲಿ ಬಂತು. ಆದರೆ ಅದು ಬರೆಯುವಾಗಿನ ತಪ್ಪು. ಬರೆಯುವ ಸಾಫ್ಟ್‌ವೇರ್ ತಾನಾಗೇ ಟ್ರ್ಯಾಕ್ ನಡುವೆ ಎರಡು ಸೆಕೆಂಡ್ ಬಿಟ್ಟಿತ್ತು. ಡಿಸ್ಕ್-ಅಟ್-ಒನ್ಸ್ (ಇಡೀ ಸಿಡಿಯನ್ನು ನಡುವೆ ನಿಲ್ಲಿಸದೆ ಒಂದೇ ಸಲಕ್ಕೆ ಬರೆಯುವುದು) ಆಯ್ಕೆ ಮಾಡಿ, ಆ ಎರಡನ್ನು ಸೊನ್ನೆ ಮಾಡಿ ಬರೆದ ಮೇಲೆ ಕೃತಿಯಿಂದ ತನಿಗೆ ಹೋದದ್ದೇ ಗೊತ್ತಾಗಲಿಲ್ಲ. ಡಿಸ್ಪ್ಲೇಯಲ್ಲಿ ನಂಬರ್ ಮಾತ್ರ ಬದಲಾಯಿತು.

ಇನ್ನೊಂದು ವಿಷಯ ನಾನು ಯೋಚಿಸಿಯೇ ಇರಲಿಲ್ಲ. ಪೆನ್‌ಡ್ರೈವ್‌ನಲ್ಲಿ ಫೋಲ್ಡರ್ ಹುಡುಕಲು ಟಿವಿ ಹಾಕಲೇಬೇಕು. ಬೆಳಿಗ್ಗೆ ಆರಕ್ಕೆ ಹೂ ಕಟ್ಟುತ್ತಾ ಕೇಳುವವರಿಗೆ ಟಿವಿ ಯಾಕೆ ಬೇಕು? ಆಡಿಯೊ ಸಿಡಿಯಾದರೆ ಒಳಗೆ ತಳ್ಳಿ 5 ಒತ್ತಿದರೆ ಐದನೇ ಟ್ರ್ಯಾಕ್. ಕವರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟರೆ ಆಯಿತು.

ಪೆನ್‌ಡ್ರೈವ್‌ನ ಬೇರೆ ತಕರಾರುಗಳಿಗೆ ಪರಿಹಾರ ಇದೆ. ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಆಗಿದ್ದದ್ದನ್ನು ಪ್ಲೇಯರ್ ಗುರುತಿಸಲೇ ಇಲ್ಲ, ಫ್ಯಾಟ್32 ಮಾಡಿದ ತಕ್ಷಣ ಗುರುತಿಸಿತು. ಹಾಡಿನ ಕ್ರಮ ಮಾತ್ರ ಎರಡು ದಿನ ತಲೆ ತಿಂದಿತು. 01, 02 ಅಂತ ಹೆಸರು ಬದಲಾಯಿಸಿದರೂ ಕೊನೆಗೆ ಬರಬೇಕಾದ ಮಂಗಳವೇ ಮೊದಲು ಬರುತ್ತಿತ್ತು, ಯಾಕೆಂದರೆ ಈ ಪ್ಲೇಯರ್ ಹೆಸರು ನೋಡುವುದಿಲ್ಲ, ಯಾವುದು ಮೊದಲು ಕಾಪಿ ಆಯಿತೋ ಅದನ್ನು ಮೊದಲು ನುಡಿಸುತ್ತದೆ. ಎಲ್ಲ ಅಳಿಸಿ, ಕಚೇರಿಯ ಮೊದಲಿಗೆ ಹಾಡುವ ವರ್ಣದಿಂದ ಶುರುಮಾಡಿ ಒಂದೊಂದಾಗಿ ಕಾಪಿ ಮಾಡಿದೆ, ಸರಿಹೋಯಿತು. ಕನ್ನಡದಲ್ಲಿ ಬರೆದ ಫೈಲ್ ಹೆಸರು ಟಿವಿಯಲ್ಲಿ ಬರೀ ಚೌಕಗಳಾಗಿ ಕಂಡವು, ಇಂಗ್ಲಿಷ್ ಅಕ್ಷರಕ್ಕೆ ಬದಲಾಯಿಸಬೇಕಾಯಿತು. ಫ್ಲಾಕ್ (ಧ್ವನಿ ಏನೂ ಕಳೆಯದ ಹಾಗೆ ಕುಗ್ಗಿಸಿದ ಫೈಲ್), ಎಂ4ಎ, ವೇವ್ ಮೂರನ್ನೂ ಹಾಕಿ ನೋಡಿದೆ, ಮೂರೂ ನಡೆಯಲಿಲ್ಲ. ವೇರಿಯಬಲ್ ಬಿಟ್‌ರೇಟ್ (ಸದ್ದಿಗೆ ತಕ್ಕ ಹಾಗೆ ಕೆಬಿಪಿಎಸ್ ಬದಲಾಗುವ) ಎಂಪಿ3 ನಡೆಯಿತು, ಆದರೆ ಸಮಯ ತಪ್ಪು ತೋರಿಸಿತು. ಹಾಗಾಗಿ ಒಂದೇ ಸಮನಾದ 192.

ಡೇಟಾ ಡಿವಿಡಿ ಬಗ್ಗೆ ಹೇಳುವುದು ಕಡಿಮೆ. ಹಾಕಿದ ಮೇಲೆ ಪಟ್ಟಿ ತೋರಿಸಲು ಮುಕ್ಕಾಲು ನಿಮಿಷ ಬೇಕು, ಪೆನ್‌ಡ್ರೈವ್‌ನ ಮುಖ್ಯ ತೊಂದರೆಗಳು ಇದಕ್ಕೂ ಇವೆ, ಮೇಲೆ ಗೀರು ಬಿದ್ದರೆ ಮೂವತ್ತಾರು ಕ್ಯಾಸೆಟ್ ಒಟ್ಟಿಗೆ ಹೋದ ಹಾಗೆ. ಇದನ್ನು ಕೈಬಿಟ್ಟೆ. ಎಂಪಿ3 ಸಿಡಿಯನ್ನೂ ಬಿಟ್ಟೆ.

ಈಗ ಮಾಡುತ್ತಿರುವುದು ಹೀಗೆ. ಅಮ್ಮ ಮತ್ತೆ ಮತ್ತೆ ಕೇಳುವ ಹದಿನೆಂಟು ಕಚೇರಿಗಳು ಆಡಿಯೊ ಸಿಡಿಗೆ, ಒಂದೊಂದಕ್ಕೆ ಎರಡು ಸಿಡಿ. ಕ್ಯಾಸೆಟ್ ತಿರುಗಿಸುತ್ತಿದ್ದ ಜಾಗದಲ್ಲೇ ಸಿಡಿಯನ್ನೂ ಬದಲಾಯಿಸುವ ಹಾಗೆ ಕತ್ತರಿಸುತ್ತೇನೆ, ಅಲ್ಲಿ ಹೇಗೂ ಅಪ್ಪನ ರೆಕಾರ್ಡಿಂಗ್ ನಿಂತಿರುತ್ತದೆ. ಬಿಸಿಲು ತಾಗದ ಕಡೆ ಇಡಬೇಕು, ಬರೆಯುವ ಸಿಡಿಯ ಬಣ್ಣದ ಪದರ ಬೆಳಕಿಗೆ ಹಾಳಾಗುತ್ತದೆ. ಉಳಿದವು ಪೆನ್‌ಡ್ರೈವ್‌ನಲ್ಲಿ, ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಒಂದೇ ಉದ್ದನೆಯ ಫೈಲ್, ನಡುವೆ ಎಲ್ಲೂ ಕತ್ತರಿಸದೆ. ಮೂಲ ವೇವ್‌ಗಳೆಲ್ಲ ಫ್ಲಾಕ್ ಆಗಿ ಎರಡು ಹಾರ್ಡ್‌ಡಿಸ್ಕ್‌ನಲ್ಲಿವೆ, ಒಂದು ತಂಗಿಯ ಮನೆಯಲ್ಲಿ.

ಮೊನ್ನೆ ಭಾನುವಾರ ಏಳನೇ ಕಚೇರಿಯ ಸಿಡಿ ಹಾಕಿದೆ. ಮಧ್ಯೆ ಎಲ್ಲೋ ಅಪ್ಪ ಪಕ್ಕದವರಿಗೆ ಮೆಲ್ಲಗೆ ರಾಗದ ಹೆಸರು ಹೇಳುವುದು ಕೇಳಿಸುತ್ತದೆ. ಅಮ್ಮ ಅದು ಎಷ್ಟನೇ ಟ್ರ್ಯಾಕ್ ಅಂತ ಕೇಳಿ ಕವರಿನ ಮೇಲೆ ತಾವೇ ಬರೆದುಕೊಂಡರು: 4.