ಕೋಕರ್ಸ್ ಫೋರ್ಸೆಪ್ಸ್: ಓಟಿ ಸಿಸ್ಟರ್ ಕಂಡ ಹಾಗೆ

ನಮ್ಮ ಓಟಿಗೆ, ಅಂದರೆ ಆಪರೇಷನ್ ಥಿಯೇಟರಿಗೆ, ಹೊಸ ಕೋಕರ್ಸ್ ಬಂದಿವೆ. ಆಪರೇಷನ್‌ನಲ್ಲಿ ಗಟ್ಟಿಯಾಗಿ ಹಿಡಿಯುವ ಇಕ್ಕಳ ಇದು. ಎಂಟು ಇಂಚು, ನೇರ ಮೂತಿ, ಜಲಂಧರ್‌ನಲ್ಲಿ ತಯಾರಾದವು. ಕೆಲವು ತಿಂಗಳು ಟ್ರಾಲಿಯಲ್ಲಿಟ್ಟು ಬಳಸಿದ ಮೇಲೆ ಹೇಳುತ್ತಿದ್ದೇನೆ, ಧೈರ್ಯವಾಗಿ ತಗೊಳ್ಳಿ.

ಮೊದಲು ತುದಿ ನೋಡಿ. ಒಂದು ಕಡೆ ಎರಡು ಹಲ್ಲು, ಇನ್ನೊಂದು ಕಡೆ ಒಂದು. ಆ ಒಂಟಿ ಹಲ್ಲು ಎರಡರ ಸಂದಿಯಲ್ಲಿ ಸರಿಯಾಗಿ ಕೂರಬೇಕು. ಉಳಿದಂತೆ ಇದು ರಕ್ತನಾಳ ಹಿಡಿಯುವ ಆರ್ಟರಿ ಫೋರ್ಸೆಪ್ಸ್ ಥರಾನೇ. ಆದರೆ ಹಲ್ಲಿರುವುದರಿಂದ ಗಟ್ಟಿ ಪದರ ಜಾರಲ್ಲ. ಗರ್ಭಕೋಶ ತೆಗೆಯುವಾಗ ಮೇಡಂ ಕೈ ಚಾಚಿ "ಕೋಕರ್ಸ್, ಸಿಸ್ಟರ್" ಅನ್ನುವುದು ಇದಕ್ಕೇ. ಲೇಬರ್ ರೂಮಿನಲ್ಲಿ ನೀರಿನ ಚೀಲ ಒಡೆಯಲೂ ಇದೇ ಬೇಕು. ಉಳಿಸಿಕೊಳ್ಳಬೇಕಾದ ಕರುಳಿಗೆ ಮಾತ್ರ ಹಾಕಬೇಡಿ.

ದಿನಾ ಈ ಹೆಸರು ಕರೆಯುತ್ತೇವಲ್ಲ, ಅವರು ಥಿಯೋಡೋರ್ ಕೋಕರ್. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ 1872ರಿಂದ 1917ರವರೆಗೆ ಸರ್ಜರಿ ಪ್ರೊಫೆಸರ್. ಆ ಬೆಟ್ಟದ ಸೀಮೆಯಲ್ಲಿ ಆಗ ಅಯೋಡಿನ್ ಕಮ್ಮಿ, ಹಾಗಾಗಿ ಥೈರಾಯ್ಡ್ ಊದುವ ಗಳಗಂಡ ಜಾಸ್ತಿ. ಆಗ ಥೈರಾಯ್ಡ್ ಆಪರೇಷನ್ ಅಂದರೆ ಎಷ್ಟೋ ಜನ ರಕ್ತ ಹೋಗಿಯೋ ಕೀವಾಗಿಯೋ ಸಾಯುತ್ತಿದ್ದರು. ಇವರು ಅವಸರ ಮಾಡಲಿಲ್ಲ. ಒಂದೊಂದೇ ರಕ್ತನಾಳ ಹಿಡಿದು, ಕಟ್ಟಿ, ಆಮೇಲೆ ಮುಂದೆ ಹೋಗುತ್ತಿದ್ದರು. 5,000ಕ್ಕೂ ಹೆಚ್ಚು ಥೈರಾಯ್ಡ್ ಆಪರೇಷನ್ ಮಾಡಿದರು, ಸಾವು ನೂರಕ್ಕೆ ಒಂದಕ್ಕಿಂತ ಕೆಳಗೆ ಬಂತು. 1909ರಲ್ಲಿ ನೊಬೆಲ್.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1883. ಥೈರಾಯ್ಡ್ ಗ್ರಂಥಿ ಪೂರ್ತಿ ತೆಗೆಸಿಕೊಂಡ ಹಳೇ ರೋಗಿಗಳನ್ನು ಅವರು ವಾಪಸ್ ಕರೆಸಿ ನೋಡಿದರು. ಬಂದ 18 ಜನರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರಿಗೂ ತೊಂದರೆ. ಮುಖ ಊದಿತ್ತು, ಸುಸ್ತು, ಬುದ್ಧಿ ಮಂದ, ಮಕ್ಕಳ ಬೆಳವಣಿಗೆ ನಿಂತಿತ್ತು. ಗಾಯ ಚೆನ್ನಾಗಿ ಮಾಗಿದೆ ಅಂತ ಸುಮ್ನೆ ಇದ್ದುಬಿಡಬಹುದಿತ್ತು, ಅಲ್ವಾ? ಅವರು ಬರ್ಲಿನ್‌ನಲ್ಲಿ ಸರ್ಜನ್ನರ ಸಮ್ಮೇಳನದ ಎದುರು ಅದನ್ನೆಲ್ಲ ಹೇಳಿದರು. ಥೈರಾಯ್ಡ್ ಇಲ್ಲದೆ ದೇಹ ನಡೆಯಲ್ಲ ಅಂತ ಗಟ್ಟಿಯಾಗಿ ಗೊತ್ತಾಗುವುದರಲ್ಲಿ ಆ ಮಾತಿನ ಪಾಲು ದೊಡ್ಡದು. ಈಗ ಪೂರ್ತಿ ತೆಗೆದರೂ ದಿನಾ ಬೆಳಗ್ಗೆ ಒಂದು ಥೈರಾಯ್ಡ್ ಮಾತ್ರೆ ನುಂಗಿ ಜನ ಆರಾಮಾಗಿ ಇರುತ್ತಾರೆ.

ಥೈರಾಯ್ಡ್ ಹಿಂದೆ ಅಂಟಿಕೊಂಡಿರುವ ಪ್ಯಾರಾಥೈರಾಯ್ಡ್ ಅನ್ನೋ ಸಣ್ಣ ಗ್ರಂಥಿಗಳು ಕ್ಯಾಲ್ಸಿಯಂ ಕಾಯುತ್ತವೆ ಅಂತ ಆಗಿನ್ನೂ ಗೊತ್ತಿರಲಿಲ್ಲ. ಈಗ ಕುತ್ತಿಗೆ ಆಪರೇಷನ್ ಆದ ರಾತ್ರಿ "ತುಟಿ ಸುತ್ತ ಜುಮ್ಮು ಅನ್ನುತ್ತಾ ಅಮ್ಮಾ?" ಅಂತ ನಾವು ಮತ್ತೆ ಮತ್ತೆ ಕೇಳುತ್ತೇವೆ. ಕ್ಯಾಲ್ಸಿಯಂ ಇಳಿದರೆ ಮೊದಲು ಕಾಣುವುದು ಅದೇ.

ಇನ್ನು ಕೊಳ್ಳುವಾಗ. ಮೊದಲ ಲಾಕ್‌ಗೆ ಹಾಕಿ ಹಿಡಿಯನ್ನು ಅಂಗೈಗೆ ತಟ್ಟಿ. ತಾನಾಗೇ ಬಿಚ್ಚಿಕೊಂಡರೆ ಬೇಡ. ಬೆಳಕಿಗೆ ಹಿಡಿದಾಗ ತುದಿಯಲ್ಲಿ ಸಂದು ಕಾಣಬಾರದು. ಒಂದು ಕಾಲಿನೊಳಗೆ ಇನ್ನೊಂದು ತೂರಿರುವ ಬಾಕ್ಸ್ ಜಾಯಿಂಟೇ ಕೇಳಿ, ಸ್ಕ್ರೂದು ಬೇಗ ಅಲ್ಲಾಡುತ್ತದೆ. ಹೈಪೋಕ್ಲೋರೈಟ್‌ನಲ್ಲಿ, ಅಂದರೆ ಬ್ಲೀಚ್ ನೀರಿನಲ್ಲಿ, ನೆನೆಹಾಕಿದರೆ ಎಂಥ ಸ್ಟೀಲೂ ತುಕ್ಕು ಹಿಡಿಯುತ್ತದೆ. ನಾವು ಜಾಯಿಂಟ್ ಅಗಲಿಸಿ, ಬ್ರಷ್ ಹಾಕಿ ತೊಳೆದು, ಒಣಗಿಸಿ ಆಮೇಲೆ ಸ್ಟೆರಿಲೈಸ್ ಮಾಡುವ ಡ್ರಮ್ಮಿಗೆ ಹಾಕುತ್ತೇವೆ. ಒಂದಕ್ಕೂ ಇನ್ನೂ ಕಲೆ ಬಿದ್ದಿಲ್ಲ.